ಮಳೆಗಾಲದಲ್ಲಿ ಕಡಲಿನ ಅಡಿ ನೋಡುವವರು ಯಾರು?

ಈ ವಿಷಯ ನಾನಾಗಿ ಆರಿಸಿಕೊಂಡದ್ದಲ್ಲ. ವಿಜ್ಞಾನ ಸಂಘದ ವಿಚಾರಗೋಷ್ಠಿಗೆ ಭೌತಶಾಸ್ತ್ರದ ಸರ್ ಒಬ್ಬೊಬ್ಬರಿಗೆ ಒಂದೊಂದು ವಿಷಯ ಹಂಚುತ್ತಾ ಬಂದರು. ನನ್ನ ಸರದಿ ಬಂದಾಗ, "ನಿನ್ನ ಮನೆ ಸಮುದ್ರದ ಹತ್ತಿರ ಅಲ್ವಾ? ನೀನು ಸಮುದ್ರದಡಿಯ ಕೇಬಲ್ ವೀಕ್ಷಣಾಲಯಗಳ ಬಗ್ಗೆ ಮಾತಾಡು" ಎಂದರು. ಮನೆ ಎಲ್ಲಿದ್ದರೆ ಏನು, ಅದಕ್ಕೂ ಇದಕ್ಕೂ ಎಂತ ಸಂಬಂಧ ಎಂದು ಆಗ ಅನಿಸಿತ್ತು. ಹತ್ತು ನಿಮಿಷದ ಮಾತು ಮುಗಿಯಿತು, ಚಪ್ಪಾಳೆಯೂ ಬಿತ್ತು. ಆದರೆ ಹತ್ತು ನಿಮಿಷದಲ್ಲಿ ಹೇಳಲಾಗದ್ದು ತುಂಬಾ ಉಳಿಯಿತು. ಅದರಲ್ಲೂ ನನ್ನ ಮಾಮ ಹೇಳಿದ್ದು ಯಾವ ಸ್ಲೈಡಿನಲ್ಲೂ ಇರಲಿಲ್ಲ. ಅದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಸಮುದ್ರವನ್ನು ಅಳೆಯುವ ಹಳೆಯ ಕ್ರಮ ಸರಳ. ಹಡಗಿನಲ್ಲಿ ಹೋಗುವುದು, ಬಾಟಲಿ ಇಳಿಸಿ ನೀರು ತೆಗೆಯುವುದು, ಉಷ್ಣತೆ, ಉಪ್ಪು, ಆಮ್ಲಜನಕ ಎಷ್ಟಿದೆ ಎಂದು ನೋಡುವುದು, ವಾಪಸ್ ಬರುವುದು. ತೊಂದರೆ ಏನೆಂದರೆ, ಹಡಗು ಹೋಗುವುದು ಹವಾಮಾನ ಚೆನ್ನಾಗಿದ್ದ ದಿನ ಮಾತ್ರ. ಒಂದು ಮನೆಯ ಆಲ್ಬಂನಲ್ಲಿ ಬರೀ ಪೆರ್ನಾಲ್ ದಿನದ ಫೋಟೊಗಳೇ ಇದ್ದರೆ ಆ ಮನೆಯವರು ವರ್ಷವಿಡೀ ಹೊಸ ಬಟ್ಟೆ ಹಾಕಿ ಬಿರಿಯಾನಿ ತಿನ್ನುತ್ತಾರೆ ಎಂದುಕೊಳ್ಳಬೇಕಾಗುತ್ತದೆ. ಹಡಗಿನಿಂದ ಬರೆದ ಸಮುದ್ರದ ಲೆಕ್ಕವೂ ಬಹುಪಾಲು ಹಾಗೆಯೇ. ಬಿರುಗಾಳಿಯ ರಾತ್ರಿ ತಳದ ಮರಳು ಹೇಗೆ ಕದಡುತ್ತದೆ, ಮಳೆಗಾಲದ ನಡುವೆ ಅಡಿಯ ನೀರು ಯಾವ ದಿನ ತಣ್ಣಗಾಗುತ್ತದೆ, ಇದು ಆ ಆಲ್ಬಂನಲ್ಲಿ ಇರುವುದಿಲ್ಲ.

ಬ್ಯಾಟರಿ ಹಾಕಿದ ಉಪಕರಣವನ್ನು ತಳದಲ್ಲಿ ಬಿಟ್ಟು ಬರಬಹುದು. ಆದರೆ ಬ್ಯಾಟರಿ ಉಳಿಸಲು ಅದು ಆಗೊಮ್ಮೆ ಈಗೊಮ್ಮೆ ಮಾತ್ರ ಅಳೆಯಬೇಕು, ಕ್ಯಾಮೆರಾದ ಲೈಟು ಉರಿಸುವುದಂತೂ ದುಬಾರಿ. ಆರು ತಿಂಗಳ ನಂತರ ಎತ್ತಿ ನೋಡಿದಾಗ ಅದು ಎರಡನೇ ವಾರದಲ್ಲೇ ಕೆಟ್ಟಿತ್ತು ಎಂದು ಗೊತ್ತಾಗಬಹುದು. ಹಾಗಾಗಿ ದಡದಿಂದಲೇ ಒಂದು ಕೇಬಲ್ ಎಳೆದುಬಿಡೋಣ ಎಂಬ ಯೋಚನೆ ಬಂತು. ಕೇಬಲಿನಲ್ಲಿ ವಿದ್ಯುತ್ ಹೋಗುತ್ತದೆ, ಅದರೊಳಗಿನ ಆಪ್ಟಿಕಲ್ ಫೈಬರ್‌ನಲ್ಲಿ ಮಾಹಿತಿ ಬರುತ್ತದೆ. ಅಮೆರಿಕದ ನ್ಯೂಜೆರ್ಸಿಯ ಟಕರ್ಟನ್ ಎಂಬ ಊರಿನಾಚೆ ರಟ್ಗರ್ಸ್ ವಿಶ್ವವಿದ್ಯಾಲಯದವರು 1996ರಲ್ಲಿ ಇಂಥದ್ದೊಂದನ್ನು ಸಮುದ್ರಕ್ಕೆ ಇಳಿಸಿದರು. ಹೆಸರು ಲಿಯೊ-15. ಆ 15 ಎಂದರೆ ಅದು ಕುಳಿತಿದ್ದ ಆಳ, 15 ಮೀಟರ್. ರಟ್ಗರ್ಸ್‌ನ ಫ್ರೆಡ್ ಗ್ರಾಸ್ಲ್ ಮತ್ತು ವುಡ್ಸ್ ಹೋಲ್ ಸಂಸ್ಥೆಯ ಕ್ರಿಸ್ ಫಾನ್ ಆಲ್ಟ್ ಇದರ ಹಿಂದೆ ಇದ್ದವರು. 15 ಮೀಟರ್ ಎಂದರೆ ನಮ್ಮ ಕಾಲೇಜಿನ ಕಟ್ಟಡ ಮುಳುಗುವಷ್ಟು ಮಾತ್ರ. ಚಂದ್ರನ ಮೇಲೆ ಉಪಕರಣ ಇಟ್ಟು ಎಷ್ಟೋ ವರ್ಷಗಳಾದ ಮೇಲೆ ಮನುಷ್ಯ 15 ಮೀಟರ್ ನೀರಿನಡಿ ಒಂದು ಪ್ಲಗ್ ಪಾಯಿಂಟ್ ಇಟ್ಟ ಎಂದು ಓದಿದಾಗ ನನಗೆ ನಗು ಬಂತು.

ಪ್ಲಗ್ ಪಾಯಿಂಟ್ ಎಂದೆನಲ್ಲ, ಅದರ ಲೆಕ್ಕ ನಮ್ಮ ಪಠ್ಯದಲ್ಲೇ ಇದೆ. ಆರ್ಟ್ಸ್, ಕಾಮರ್ಸ್‌ನವರು ಬೇಕಿದ್ದರೆ ಈ ಪ್ಯಾರಾ ಹಾರಿಸಬಹುದು. ಸಮುದ್ರದಡಿ 1000 ವಾಟ್ ಬೇಕು, ಕೇಬಲಿನ ರೋಧ 10 ಓಮ್ ಎಂದುಕೊಳ್ಳಿ. 100 ವೋಲ್ಟ್‌ನಲ್ಲಿ ಆ ವಿದ್ಯುತ್ ಕೊಡಬೇಕಾದರೆ 10 ಆಂಪಿಯರ್ ಹರಿಯಬೇಕು. ಪ್ರವಾಹದ ವರ್ಗ ಗುಣಿಸು ರೋಧ, ಅಂದರೆ 1000 ವಾಟ್ ಕೇಬಲಿನಲ್ಲೇ ಶಾಖವಾಗಿ ಹೋಯಿತು. ಕೊಟ್ಟದ್ದರಲ್ಲಿ ಅರ್ಧ ಸಮುದ್ರ ಕಾಯಿಸಲಿಕ್ಕೆ! ಅದನ್ನೇ 1000 ವೋಲ್ಟ್‌ನಲ್ಲಿ ಕೊಟ್ಟರೆ 1 ಆಂಪಿಯರ್ ಸಾಕು, ನಷ್ಟ 10 ವಾಟ್ ಮಾತ್ರ. ಕೆನಡಾದ ಪಶ್ಚಿಮ ತೀರದಲ್ಲಿ 2009ರ ಕೊನೆಗೆ ಕೆಲಸ ಆರಂಭಿಸಿದ ನೆಪ್ಚೂನ್ ಎಂಬ ಜಾಲದ ಕೇಬಲ್ ಸುಮಾರು 800 ಕಿಲೋಮೀಟರ್ ಉದ್ದ. ಅಲ್ಲಿ ದಡದಿಂದ ಕಳಿಸುವುದು 10,000 ವೋಲ್ಟ್. ಅದೂ ಎಸಿ ಅಲ್ಲ, ಡಿಸಿ. ಕೇಬಲಿನ ಒಳಗೆ ತಾಮ್ರ, ನಡುವೆ ನಿರೋಧಕ ಪದರ, ಹೊರಗೆ ಉಪ್ಪುನೀರು. ಗಮನಿಸಿ ನೋಡಿದರೆ ಅದು ನೂರಾರು ಕಿಲೋಮೀಟರ್ ಉದ್ದದ ಒಂದು ಕೆಪಾಸಿಟರ್! ಎಸಿ ಕೊಟ್ಟರೆ ಅದನ್ನು ತುಂಬಿಸಿ ಖಾಲಿ ಮಾಡುವುದರಲ್ಲೇ ಪ್ರವಾಹ ಮುಗಿಯುತ್ತದೆ. ಇನ್ನೊಂದು ಮಜಾ ಎಂದರೆ, ಇಂಥ ಉದ್ದದ ಕೇಬಲಿನಲ್ಲಿ ವಿದ್ಯುತ್ತಿಗೆ ಒಂದೇ ತಂತಿ ಇಟ್ಟು, ವಾಪಸ್ ಬರುವ ದಾರಿಗೆ ಸಮುದ್ರವನ್ನೇ ಬಳಸುತ್ತಾರೆ.

ಕೇಬಲಿನ ತುದಿಯಲ್ಲಿರುವ ಪೆಟ್ಟಿಗೆಗೆ ನೋಡ್ ಎನ್ನುತ್ತಾರೆ. ನಮ್ಮ ಮನೆಯ ಎಕ್ಸ್‌ಟೆನ್ಷನ್ ಬೋರ್ಡ್ ಇದ್ದ ಹಾಗೆ. ದೊಡ್ಡ ವೋಲ್ಟೇಜನ್ನು ಇಳಿಸಿ ಹಲವು ಉಪಕರಣಗಳಿಗೆ ಹಂಚುವುದು ಅದರ ಕೆಲಸ. ಒಂದು ಉಪಕರಣದೊಳಗೆ ನೀರು ನುಗ್ಗಿದರೆ ಆ ಒಂದು ಸಾಕೆಟ್ ಮಾತ್ರ ಬಂದ್ ಆಗಬೇಕು, ಉಳಿದವು ನಡೆಯುತ್ತಿರಬೇಕು. ನೀರಿನ ಅಡಿಯಲ್ಲೇ ಪ್ಲಗ್ ಹಾಕಿ ತೆಗೆಯಬಲ್ಲ ವಿಶೇಷ ಕನೆಕ್ಟರುಗಳಿವೆ. ಆಳ ಕಡಿಮೆ ಇದ್ದಲ್ಲಿ ಮುಳುಗುಗಾರರು, ಹೆಚ್ಚಿದ್ದಲ್ಲಿ ರೋಬೋಟ್ ಕೈಗಳು ಅವನ್ನು ಜೋಡಿಸುತ್ತವೆ. ಇಡೀ ವ್ಯವಸ್ಥೆಯ ನಾಜೂಕಿನ ಜಾಗ ಇದೇ. ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ 52 ಕಿಲೋಮೀಟರ್ ಕೇಬಲ್ ಎಳೆದು 2008ರ ಆರಂಭದಲ್ಲಿ ಸ್ವಿಚ್ ಹಾಕಿದರು. ಸ್ವಲ್ಪ ಹೊತ್ತಿನಲ್ಲೇ ನಿಂತಿತು. ಒಂದು ಕನೆಕ್ಟರಿನಲ್ಲಿ ಸೋರಿಕೆ. ಎತ್ತಿ, ಸರಿಮಾಡಿ, ಮತ್ತೆ ಇಳಿಸುವಾಗ ಅದೇ ವರ್ಷದ ನವೆಂಬರ್ ಬಂದಿತ್ತು.

ಇಳಿಸುವುದಕ್ಕಿಂತ ನಡೆಸುವುದೇ ಕಷ್ಟ ಎಂದು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ದಕ್ಕೆಯಿಂದ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮಲ್ಲಿ ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಉಮ್ಮನ ತಮ್ಮ, ನನ್ನ ಮಾಮ, ಒಂದು ಟ್ರಾಲ್ ಬೋಟಿನ ತಂಡೇಲ. ಆ ಎರಡು ತಿಂಗಳು ಅವರಿಗೆ ಬೋಟಿನ ರಿಪೇರಿ ಕೆಲಸ. ಉಪ್ಪ ಊಟ ಕೊಟ್ಟು ಬರಲು ಕಳಿಸಿದಾಗ ನಾನು ನೋಡಿದ್ದೇನೆ, ಬೋಟಿನ ತಳಕ್ಕೆ ಚಿಪ್ಪುಗಳು ಒಂದರ ಮೇಲೊಂದು ಕಲ್ಲಿನ ಹಾಗೆ ಅಂಟಿಕೊಂಡಿರುತ್ತವೆ. ಅವನ್ನು ಕೆರೆದು ತೆಗೆಯುವುದೇ ಒಂದು ದೊಡ್ಡ ಕೆಲಸ. ಓಡಾಡುವ ಬೋಟಿಗೇ ಹೀಗಾದರೆ ವರ್ಷಗಟ್ಟಲೆ ಒಂದೇ ಕಡೆ ಕೂತ ಕ್ಯಾಮೆರಾದ ಗಾಜಿಗೆ ಏನಾಗಬೇಡ! ಅದಕ್ಕೆ ಕೆಲವರು ಉಪಕರಣದ ಮೂತಿಗೆ ತಾಮ್ರ ಹೊದಿಸುತ್ತಾರೆ, ಕೆಲವರು ಕಾರಿನ ವೈಪರಿನಂಥದ್ದನ್ನು ಇಡುತ್ತಾರೆ, ಕೆಲವರು ನೇರಳಾತೀತ ಬೆಳಕು ಬಿಡುತ್ತಾರೆ. ಆದರೂ ಆಗಾಗ ಎತ್ತಿ ತೊಳೆಯದೆ ಆಗುವುದಿಲ್ಲ.

ತೊಳೆದು ಹೊಸ ಉಪಕರಣ ಇಡುವಾಗ ಇನ್ನೊಂದು ಸೂಕ್ಷ್ಮ ಇದೆ. ಹಳೆಯದು 8 ಎಂದು ತೋರಿಸುತ್ತಿದ್ದಲ್ಲಿ ಹೊಸದು 8.3 ತೋರಿಸಿದರೆ ಸಮುದ್ರ ಬದಲಾಯಿತೋ ಮೀಟರ್ ಬದಲಾಯಿತೋ? ಹಾಗಾಗಿ ಎರಡನ್ನೂ ಒಂದಷ್ಟು ದಿನ ಪಕ್ಕಪಕ್ಕ ಇಟ್ಟು, ವ್ಯತ್ಯಾಸ ಬರೆದುಕೊಂಡು, ಆಮೇಲೆ ಹಳೆಯದನ್ನು ತೆಗೆಯುವುದು ಒಳ್ಳೆಯ ಕ್ರಮ. ಇಪ್ಪತ್ತು ವರ್ಷದಲ್ಲಿ ಉಪಕರಣ, ಕೇಬಲ್, ಕೆಲಸದವರು ಎಲ್ಲರೂ ಬದಲಾಗಬಹುದು. ಅಂಕಿಗಳ ಸಾಲು ಮಾತ್ರ ಒಂದೇ ಆಗಿ ಉಳಿಯಬೇಕು. ನಮ್ಮ ಲ್ಯಾಬಿನಲ್ಲಿ ಒಂದೇ ಪ್ರಯೋಗಕ್ಕೆ ಎರಡು ವೋಲ್ಟ್‌ಮೀಟರ್ ಎರಡು ಉತ್ತರ ಕೊಟ್ಟಾಗ ನಾವು ಮಾಡುವುದೇನು ಎಂಬುದನ್ನು ಇಲ್ಲಿ ಬರೆಯುವುದು ಬೇಡ, ಸರ್ ಓದುತ್ತಾರೆ.

ಇಷ್ಟೆಲ್ಲ ಕಷ್ಟಪಟ್ಟು ಸಿಕ್ಕಿದ್ದೇನು? ಅಮೆರಿಕದ ಮಾರ್ಥಾಸ್ ವಿನ್‌ಯಾರ್ಡ್ ಎಂಬ ದ್ವೀಪದ ದಕ್ಷಿಣಕ್ಕೆ ವುಡ್ಸ್ ಹೋಲ್‌ನವರ ಕೇಬಲ್ ವೀಕ್ಷಣಾಲಯವಿದೆ. ಅಲ್ಲಿ ಹೈಡಿ ಸೋಸಿಕ್, ರಾಬ್ ಓಲ್ಸನ್ ಮತ್ತು ಸಂಗಡಿಗರು ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಕೋಶಗಳನ್ನು ಗಂಟೆಗಂಟೆಗೂ ಎಣಿಸುವ ಯಂತ್ರ ಇಟ್ಟರು. ಸಿನೆಕೊಕಾಕಸ್ ಎಂಬ ಅತಿಸಣ್ಣ ಜೀವಿಯನ್ನು 13 ವರ್ಷ ಹೀಗೆ ಎಣಿಸಿದ ಮೇಲೆ 2016ರಲ್ಲಿ ಗೊತ್ತಾದದ್ದು, ನೀರು ಬೇಗ ಬಿಸಿಯಾದ ವರ್ಷಗಳಲ್ಲಿ ಅದರ ವಸಂತದ ಬೆಳೆ ನಾಲ್ಕು ವಾರದವರೆಗೂ ಮುಂಚೆ ಬರುತ್ತದೆ ಎಂದು. ತಿಂಗಳಿಗೊಮ್ಮೆ ಹಡಗಿನಲ್ಲಿ ಹೋಗುವವರಿಗೆ ನಾಲ್ಕು ವಾರ ಎಂದರೆ ಎರಡು ಭೇಟಿಗಳ ನಡುವಿನ ಸಂದು. ಅದರೊಳಗೆ ಜಾರಿಹೋಗುತ್ತಿತ್ತು.

ಅದೇ ಗುಂಪು ತಯಾರಿಸಿದ, ಫೋಟೊ ತೆಗೆಯುವ ಇನ್ನೊಂದು ಯಂತ್ರ ಟೆಕ್ಸಾಸ್‌ನ ಪೋರ್ಟ್ ಅರಾನ್ಸಾಸ್ ಎಂಬಲ್ಲಿ ಕಡಲ ಕಟ್ಟೆಯಲ್ಲಿತ್ತು. 2008ರಲ್ಲಿ ಅಲ್ಲಿನ ವಿಜ್ಞಾನಿ ಲೀಸಾ ಕ್ಯಾಂಪ್‌ಬೆಲ್ ಅದರ ಚಿತ್ರಗಳಲ್ಲಿ ಡೈನೊಫಿಸಿಸ್ ಎಂಬ ಜೀವಿ ದಿಢೀರನೆ ಹೆಚ್ಚಾಗುತ್ತಿರುವುದನ್ನು ಕಂಡರು. ಅದು ಹೆಚ್ಚಾದ ನೀರಿನ ಆಯ್ಸ್ಟರ್ ತಿಂದರೆ ವಾಂತಿ ಭೇದಿ ಗ್ಯಾರಂಟಿ. ಆಯ್ಸ್ಟರ್ ಎಂದರೆ ನಮ್ಮ ಮರುವಾಯಿಯ ಹಾಗೆ ಚಿಪ್ಪಿನೊಳಗಿನ ಜೀವಿ. ಅಲ್ಲೇ ಹತ್ತಿರದಲ್ಲಿ ಆಯ್ಸ್ಟರ್ ಹಬ್ಬವೊಂದು ನಡೆಯುವುದರಲ್ಲಿತ್ತು. ಅಧಿಕಾರಿಗಳು ಆಯ್ಸ್ಟರ್ ತೆಗೆಯುವುದನ್ನು ನಿಲ್ಲಿಸಿದರು, ಮಾರುಕಟ್ಟೆಗೆ ಹೋದದ್ದನ್ನು ವಾಪಸ್ ತರಿಸಿದರು. ಜನ ಕಾಯಿಲೆ ಬೀಳುವ ಮೊದಲೇ ಸಂಗತಿ ತಿಳಿದುಹೋಗಿತ್ತು.

ಆದರೆ ನನ್ನನ್ನು ಹೆಚ್ಚು ಹಿಡಿದದ್ದು ಕೆನಡಾದ ಸಾನಿಚ್ ಇನ್‌ಲೆಟ್. ವ್ಯಾಂಕೂವರ್ ದ್ವೀಪದ ಒಂದು ಉದ್ದನೆಯ ಕಡಲತೋಳು ಅದು. ಬಾಯಲ್ಲಿ ಸುಮಾರು 70 ಮೀಟರ್ ಆಳದಲ್ಲಿ ಒಂದು ದಿಬ್ಬ ಅಡ್ಡ ಇದೆ, ಒಳಗೆ ಆಳ 200 ಮೀಟರ್ ಮೀರುತ್ತದೆ. ಹೊಸ್ತಿಲು ಎತ್ತರ ಇರುವ ಕೋಣೆಯ ಹಾಗೆ. ಅಡಿಯ ನೀರು ಹೊರಗೆ ಹೋಗಲಾರದೆ ಅಲ್ಲೇ ಕೂತು, ಅದರಲ್ಲಿದ್ದ ಆಮ್ಲಜನಕ ಮುಗಿದುಹೋಗುತ್ತದೆ. ಬೇಸಗೆಯ ಕೊನೆಗೆ, ಶರತ್ಕಾಲದ ಹೊತ್ತಿಗೆ ಹೊರಗಿನ ಭಾರದ ನೀರು ದಿಬ್ಬ ದಾಟಿ ಒಳಗೆ ಬಂದಾಗ ಮತ್ತೆ ಉಸಿರು. 2006ರ ಫೆಬ್ರವರಿಯಲ್ಲಿ ವಿಕ್ಟೋರಿಯಾ ವಿಶ್ವವಿದ್ಯಾಲಯದವರು ಅಲ್ಲಿ ಸುಮಾರು 100 ಮೀಟರ್ ಆಳಕ್ಕೆ ವೀನಸ್ ಎಂಬ ಕೇಬಲ್ ವೀಕ್ಷಣಾಲಯ ಇಳಿಸಿದರು. ವೆರೀನಾ ಟನಿಕ್ಲಿಫ್ ಎಂಬ ವಿಜ್ಞಾನಿ ಅದರ ಮುಂದಾಳು. ಆಮ್ಲಜನಕ ಇಳಿಯುತ್ತಾ ಬಂದ ಹಾಗೆ ಯಾವ ಪ್ರಾಣಿ ಮೊದಲು ಜಾಗ ಖಾಲಿ ಮಾಡುತ್ತದೆ, ಯಾವುದು ಕೊನೆಯವರೆಗೂ ಹಟ ಹಿಡಿದು ಕೂರುತ್ತದೆ ಎಂಬುದನ್ನು ಅವರು ದಡದಲ್ಲಿ ಕುಳಿತು ನೋಡಿದರು.

ಅಲ್ಲೇ ಇನ್ನೊಂದು ಪ್ರಯೋಗವೂ ನಡೆಯಿತು. ಗೇಲ್ ಆಂಡರ್ಸನ್ ಎಂಬ ಅಪರಾಧ ವಿಜ್ಞಾನದ ಪ್ರಾಧ್ಯಾಪಕಿ ಕ್ಯಾಮೆರಾದ ಎದುರು ಹಂದಿಯ ಕಳೇಬರಗಳನ್ನು ಇಳಿಸಿದರು. ಓದುವಾಗ ನಾನೂ ಮುಖ ಸಿಂಡರಿಸಿದೆ. ಆದರೆ ಕಾರಣ ಕೇಳಿ: ಸಮುದ್ರದಲ್ಲಿ ಮುಳುಗಿದ ಮನುಷ್ಯನ ದೇಹಕ್ಕೆ ಏನಾಗುತ್ತದೆ, ಸಿಕ್ಕಿದಾಗ ಎಷ್ಟು ದಿನವಾಗಿರಬಹುದು ಎಂದು ಹೇಳಲು ಅದು ಮನುಷ್ಯನ ಬದಲಿಗೆ. ಆಮ್ಲಜನಕ ಇದ್ದ ಕಾಲದಲ್ಲಿ ಏಡಿ, ಸಿಗಡಿಗಳು ಬೇಗ ಮುಗಿಸಿಬಿಟ್ಟವು. ಆಮ್ಲಜನಕ ತೀರಾ ಕಡಿಮೆಯಾದಾಗ ಅವು ಹತ್ತಿರ ಬರಲಾರದೆ ಕಳೇಬರ ಬಹಳ ಕಾಲ ಹಾಗೇ ಉಳಿಯಿತು. ಕಡಲಿಗೆ ಹೋದವರ ಮಯ್ಯತ್ ಕೂಡ ಸಿಗದ ಮನೆಗಳು ನಮ್ಮ ಊರಿನಲ್ಲಿವೆ. ಈ ಭಾಗವನ್ನು ನಾನು ಗೋಷ್ಠಿಯಲ್ಲಿ ಹೇಳಲಿಲ್ಲ. ಸಭೆಯಲ್ಲಿ ಅಂಥ ಮನೆಯವರೂ ಇದ್ದರು.

ಸಾನಿಚ್ ನನ್ನನ್ನು ಹಿಡಿಯಲು ಕಾರಣ ನಮ್ಮದೇ ಸಮುದ್ರ. ನೈಋತ್ಯ ಮುಂಗಾರಿನ ಕಾಲದಲ್ಲಿ ನಮ್ಮ ಪಶ್ಚಿಮ ತೀರದಲ್ಲಿ ಆಳದ ತಣ್ಣೀರು ಮೇಲೇರಿ ತೀರದ ಕಡೆಗೆ ಬರುತ್ತದೆ. ಆ ನೀರಿನಲ್ಲಿ ಗೊಬ್ಬರ ಜಾಸ್ತಿ, ಆಮ್ಲಜನಕ ಕಡಿಮೆ. ಗೊಬ್ಬರದಿಂದ ಹಸಿರು ಹುಲುಸಾಗುತ್ತದೆ, ಬೂತಾಯಿಗೂ ಬಂಗುಡೆಗೂ ಅದೇ ಅನ್ನ. ಮೇಲೆ ಮಳೆಯ, ಹೊಳೆಯ ಸಿಹಿನೀರು ಮುಚ್ಚಳದ ಹಾಗೆ ಕೂರುವುದರಿಂದ ಗಾಳಿಯ ಆಮ್ಲಜನಕ ಕೆಳಗೆ ಇಳಿಯುವುದಿಲ್ಲ. ಮೇಲಿನಿಂದ ಸತ್ತು ಬಿದ್ದದ್ದು ಕೊಳೆಯುತ್ತಾ ಇದ್ದಷ್ಟನ್ನೂ ಮುಗಿಸುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಕೆಲವೆಡೆ ತಳದಲ್ಲಿ ಆಮ್ಲಜನಕವೇ ಇಲ್ಲದೆ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು. ಅದೇ ಸಂಸ್ಥೆಯವರು 1997ರಿಂದ ಕಾಂಡೋಲಿಂ ತೀರದಾಚೆ, ಸುಮಾರು 27 ಮೀಟರ್ ಆಳದ ಒಂದೇ ಜಾಗಕ್ಕೆ ಬೋಟಿನಲ್ಲಿ ಮತ್ತೆ ಮತ್ತೆ ಹೋಗಿ ನೀರು ಅಳೆಯುತ್ತಾ ಬಂದಿದ್ದಾರೆ. ಆದರೆ ಬೋಟು ಬೋಟೇ. ಮಳೆಗಾಲದ ಅಬ್ಬರ ಜೋರಾಗಿರುವಾಗ, ಎಂದರೆ ಈ ಕಥೆ ಆರಂಭವಾಗುವ ದಿನಗಳಲ್ಲೇ, ಸಣ್ಣ ಬೋಟಿನಲ್ಲಿ ಹೋಗುವುದು ಹುಡುಗಾಟವಲ್ಲ. ಆ ಪುಟಗಳನ್ನು ತುಂಬಿಸಲು ಕೇಬಲಿನಂಥ ಸಾಧನ ಬೇರೆ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಈಗ ಜರ್ಮನಿಯ ಸಂಗತಿ. ಬಾಲ್ಟಿಕ್ ಸಮುದ್ರದ ಒಂದು ಕೊಲ್ಲಿಯ ಬಾಯಲ್ಲಿ ಬೋಕ್ನಿಸ್ ಎಕ್ ಎಂಬ ಜಾಗವಿದೆ. ಅಲ್ಲಿ 1957ರಿಂದ ತಿಂಗಳಿಗೊಮ್ಮೆ ನೀರು ಅಳೆಯುತ್ತಾರೆ. ನಡುವೆ ಕೆಲವೊಮ್ಮೆ ನಿಂತದ್ದುಂಟು, ಆದರೂ ಜಗತ್ತಿನ ಹಳೆಯ ದಾಖಲೆಗಳಲ್ಲಿ ಅದೊಂದು. ಅಲ್ಲೂ ಬೇಸಗೆಯ ಕೊನೆಗೆ ತಳದಲ್ಲಿ ಆಮ್ಲಜನಕ ಮುಗಿಯುತ್ತದೆ. 1980ರ ದಶಕದ ನಂತರ ಸಮುದ್ರಕ್ಕೆ ಹೋಗುವ ಗೊಬ್ಬರದ ಅಂಶ ಕಡಿಮೆಯಾದರೂ ಆಮ್ಲಜನಕ ಇಳಿಯುತ್ತಲೇ ಇದೆ ಎಂದು ಅಷ್ಟು ಉದ್ದದ ದಾಖಲೆ ಇದ್ದುದರಿಂದಲೇ ಗೊತ್ತಾಯಿತು. 2016ರ ಕೊನೆಗೆ ಕೀಲ್ ನಗರದ ಗಿಯೋಮಾರ್ ಸಂಸ್ಥೆಯವರು ಅಲ್ಲಿ 22 ಮೀಟರ್ ಆಳದಲ್ಲಿ ಕೇಬಲ್ ವೀಕ್ಷಣಾಲಯವನ್ನೂ ಇಟ್ಟರು. 2019ರ ಆಗಸ್ಟ್ 21ರಂದು ರಾತ್ರಿ 8:15ಕ್ಕೆ ಮಾಹಿತಿ ಬರುವುದು ನಿಂತಿತು. ಮುಳುಗುಗಾರರು ಹೋಗಿ ನೋಡಿದರೆ ನೂರಾರು ಕಿಲೋ ತೂಕದ ಚೌಕಟ್ಟುಗಳೇ ಇಲ್ಲ! ಹರಿದು ಚಿಂದಿಯಾದ ಕೇಬಲಿನ ತುದಿ ಮಾತ್ರ ಬಿದ್ದಿತ್ತು. ಹಡಗುಗಳು ಬರಬಾರದೆಂದು ನಿಷೇಧ ಇದ್ದ ಜಾಗ ಅದು. ಉಪಕರಣಗಳ ಬೆಲೆ ಸುಮಾರು 3 ಲಕ್ಷ ಯುರೋ. ಎರಡು ವರ್ಷದ ನಂತರ ನಾರ್ವೆಯ ಉತ್ತರ ತೀರದಲ್ಲೂ ಲವ್ ಎಂಬ ವೀಕ್ಷಣಾಲಯದ ಕೇಬಲ್ ಕಡಿದು, 4 ಕಿಲೋಮೀಟರಿಗೂ ಹೆಚ್ಚು ಉದ್ದ ಅಲ್ಲಿಂದ ಕಾಣೆಯಾಯಿತು. ಮೂರು ವರ್ಷ, ನಾಲ್ಕು ವರ್ಷ ಎಡೆಬಿಡದೆ ಬಂದ ಅಂಕಿಗಳ ಸಾಲು ಒಂದೇ ರಾತ್ರಿಯಲ್ಲಿ ತುಂಡಾಗುತ್ತದೆ. ಆ ಸಂದನ್ನು ಆಮೇಲೆ ಎಷ್ಟು ಹಣ ಕೊಟ್ಟರೂ ತುಂಬಿಸಲಾಗುವುದಿಲ್ಲ.

ಗೋಷ್ಠಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನಿಂದ "ಗುಜರಿಗೆ ಹಾಕಿರ್ತಾರೆ" ಎಂಬ ಮಾತು ಬಂತು, ಎಲ್ಲರೂ ನಕ್ಕರು. ಪತ್ರಿಕೆಗಳಲ್ಲೂ ಕಳ್ಳತನವೇ ಎಂಬ ಧಾಟಿಯಲ್ಲಿ ಬಂದಿತ್ತು. ಆ ರಾತ್ರಿ ಮನೆಯಲ್ಲಿ ಊಟದ ಹೊತ್ತಿಗೆ ಮಾಮನಿಗೂ ಇದನ್ನೇ ಹೇಳಿದೆ. ಅವರು ನಗಲಿಲ್ಲ. (ಮನೆಯಲ್ಲಿ ನಾವು ಮಾತಾಡುವುದು ಬ್ಯಾರಿ ಭಾಷೆಯಲ್ಲಿ, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.)

"ಎಷ್ಟು ಆಳ ಹೇಳಿದೆ ಮೋಳೇ?"

"22 ಮೀಟರ್."

"ಹನ್ನೆರಡು ಮಾರು. ಅಡಿ ಮಣ್ಣಾ?"

"ಇರಬೇಕು ಮಾಮ."

"ಹಾಗಾದ್ರೆ ಕಳ್ಳ ಅಂತ ಯಾಕೆ ಹೇಳ್ತಾರೆ? ರಾತ್ರಿ ಬಲೆ ಎಳೀತಾ ಇದ್ದ ಯಾವನಿಗೋ ಸಿಕ್ಕಿರ್ಬಹುದು. ಅವನ ಬಲೆ ಹೋಯ್ತು ಅಂತ ಯಾರಾದ್ರೂ ಪೇಪರಿಗೆ ಬರೀತಾರಾ?"

ಆಮೇಲೆ ಅವರು ಹೇಳಿದ್ದು ನಾನು ಚಿಕ್ಕವಳಿದ್ದಾಗ ಮನೆಯಲ್ಲಿ ಪಿಸುಮಾತಿನಲ್ಲಿ ಕೇಳಿದ್ದ ಸಂಗತಿ. ಒಂದು ರಾತ್ರಿ ಅವರ ಬಲೆ ತಳದಲ್ಲಿ ಯಾವುದಕ್ಕೋ ಸಿಕ್ಕಿಕೊಂಡಿತು. ಕಲ್ಲಲ್ಲ, ಆ ಜಾಗದಲ್ಲಿ ಕಲ್ಲಿಲ್ಲ. ಬೋಟು ಮುಂದೆ ಎಳೆಯುತ್ತಿದೆ, ಹಿಂದಿನಿಂದ ರೋಪು ಜಗ್ಗುತ್ತಿದೆ, ಬೋಟು ಒಂದು ಬದಿಗೆ ವಾಲಿತು. ಅಂಥ ಹೊತ್ತಿನಲ್ಲಿ ಯೋಚಿಸಲು ಸಮಯ ಇರುವುದಿಲ್ಲ, ರೋಪು ಕಡಿದುಬಿಡಬೇಕು. ಕಡಿದರು. ಬಲೆ, ಹಲಗೆ ಎಲ್ಲ ಕಡಲಿಗೆ. ಎಂಟು ಜನ ಜೀವಸಹಿತ ಬಂದರು. ಆದರೆ ಆ ಟ್ರಿಪ್ಪಿನ ಪಾಲೂ ಇಲ್ಲ, ಮುಂದಿನ ಟ್ರಿಪ್ಪಿನದ್ದೂ ಇಲ್ಲ, ಬಲೆಯ ಲೆಕ್ಕಕ್ಕೆ ಹೋಯಿತು. ಆ ವರ್ಷ ಶಾಲೆ ಶುರುವಾದಾಗ ಮಾಮನ ಮಗನಿಗೆ ನನ್ನ ಹಳೆಯ ಬ್ಯಾಗು ಹೋದದ್ದು ನನಗೆ ನೆನಪಿದೆ.

"ಅಲ್ಲಿ ಎಂತ ಇತ್ತು ಅಂತ ಯಾರೂ ನಮಗೆ ಹೇಳಿರ್ಲಿಲ್ಲ. ಹೇಳಿದ್ರೆ ನಾವು ಆ ಬದಿಗೆ ಹೋಗ್ತಿರ್ಲಿಲ್ಲ" ಎಂದರು ಮಾಮ. ನಮ್ಮ ದೇಶದ ಸಂಶೋಧನಾ ಬೋಯಾಗಳಿಗೂ ಮೀನುಗಾರರಿಂದ ಹಾನಿಯಾಗುತ್ತದೆ, ಅದಕ್ಕಾಗಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಬಂದರುಗಳಲ್ಲಿ ತಿಳುವಳಿಕೆ ಕೊಡುತ್ತಾರೆ ಎಂದು ನಾನು ಓದಿದ್ದೆ. ಓದುವಾಗ ನಾನು ವಿಜ್ಞಾನಿಗಳ ಪಕ್ಷದಲ್ಲಿದ್ದೆ. ಊಟದ ಸುಪ್ರದ ಎದುರು ಕೂತು ಕೇಳುವಾಗ ಯಾವ ಪಕ್ಷ ಎಂದು ಹೇಳುವುದು ಅಷ್ಟು ಸುಲಭವಾಗಲಿಲ್ಲ. ಕೇಬಲಿನ ದಾರಿ ನಿರ್ಧರಿಸುವ ಮೊದಲು ಮೀನುಗಾರರ ಜೊತೆ ಕೂತು ಮಾತಾಡುವುದು, ನಕಾಶೆಯಲ್ಲಿ ಗುರುತಿಸುವುದು, ತೀರದ ಹತ್ತಿರ ಕೇಬಲನ್ನು ಹೂಳುವುದು, ಬಲೆ ಬಂದರೆ ಸಿಕ್ಕಿಕೊಳ್ಳದೆ ಜಾರಿಹೋಗುವಂಥ ಇಳಿಜಾರು ಚೌಕಟ್ಟು ಮಾಡುವುದು, ಇವೆಲ್ಲ ವಿನ್ಯಾಸದ ಪುಸ್ತಕಗಳಲ್ಲಿ ಇವೆ. ಮೊದಲನೆಯದನ್ನು ಎಲ್ಲಕ್ಕಿಂತ ಮೇಲೆ, ವೋಲ್ಟೇಜಿನ ಲೆಕ್ಕಕ್ಕಿಂತಲೂ ಮೊದಲು ಬರೆಯಬೇಕು ಎಂದು ನನಗೆ ಅನಿಸಿತು.

ಮಾತಿನ ನಡುವೆ ಮಾಮ ಎದ್ದು ಹೋಗಿ ಎರಡು ನೋಟ್‌ಪುಸ್ತಕ ತಂದರು. 200 ಪುಟದವು, ಉಪ್ಪುನೀರು ತಾಗಿ ಅಂಚು ಉಬ್ಬಿಕೊಂಡಿವೆ. ಮಾಮ ಓದಿದ್ದು ಏಳನೇ ಕ್ಲಾಸು. ಆ ಅಕ್ಷರದಲ್ಲೇ, ಕನ್ನಡದಲ್ಲಿ, ತಂಡೇಲ ಆದಾಗಿನಿಂದ ಬರೆದಿಟ್ಟಿದ್ದಾರೆ. ತಾರೀಕು, ಜಿಪಿಎಸ್ ಅಂಕಿ, ಎಷ್ಟು ಮಾರು, ಎಂತ ಸಿಕ್ಕಿತು. "ಕಲ್ಲು." "ಮುಳುಗಿದ ಬೋಟು." "ಬಂಗುಡೆ, ಚೆನ್ನಾಗಿದೆ." ಅಲ್ಲಲ್ಲಿ "ನೀರು ತಣ್ಣಗೆ, ಬಲೆ ಖಾಲಿ" ಎಂದಿದೆ. ನಾನು ಪುಟ ತಿರುಗಿಸಿ ಆ ಸಾಲುಗಳ ತಾರೀಕು ಮಾತ್ರ ನೋಡುತ್ತಾ ಹೋದೆ. ಹೆಚ್ಚಿನವೆಲ್ಲ ಆಗಸ್ಟ್, ಸೆಪ್ಟೆಂಬರ್. ನಖ್ವಿಯವರು ಬರೆದ ಅದೇ ನೀರು ಇರಬೇಕು. ಮೀನು ಉಸಿರಿಗಾಗಿ ಜಾಗ ಬಿಟ್ಟು ಹೋಗಿರುತ್ತದೆ, ಮಾಮ ಖಾಲಿ ಬಲೆ ಮೇಲೆತ್ತಿ, ಒದ್ದೆ ರೋಪು ಮುಟ್ಟಿ, ತಣ್ಣಗಿದೆ ಎಂದು ಬರೆದಿದ್ದಾರೆ. ಪ್ರತಿ ವರ್ಷವೂ ಜೂನ್, ಜುಲೈ ಪುಟಗಳಿಲ್ಲ.

"ನಮ್ಮಲ್ಲಿ ಅಂಥದ್ದೊಂದು ಇಡುವುದಾದ್ರೆ ಎಲ್ಲಿ ಇಡಬೇಕು ಮಾಮ?" ಎಂದು ಕೇಳಿದೆ.

"ಮುಳುಗಿದ ಬೋಟಿನ ಹತ್ತಿರ ಇಡಲಿ. ಅಲ್ಲಿಗೆ ನಾವು ಯಾರೂ ಬಲೆ ಹಾಕುವುದಿಲ್ಲ."

ಬೋಟು ಇದ್ದ ಕಡೆ ನೀರಿನ ಸೆಳೆತ ಬದಲಾಗುತ್ತದೆ, ಮೀನು ಬೇರೆ ರೀತಿಯಲ್ಲಿ ಸೇರುತ್ತದೆ, ಅಳತೆ ಸರಿ ಬರುವುದಿಲ್ಲ ಎಂದೆ. ಅವರು ಒಪ್ಪಿದರು. ಕನ್ನಡಕ ಹಾಕಿ ಮತ್ತೆ ಪುಟ ತಿರುಗಿಸಿದರು. ಎರಡನೇ ಪುಸ್ತಕದ ನಡುವೆ ಒಂದು ಕಡೆ ಬೆರಳಿಟ್ಟರು. "ಇಲ್ಲಿ. ಎರಡೂ ಬದಿ ಕಲ್ಲು ಉಂಟು, ನಡುವೆ ಮಣ್ಣು. ಬಲೆ ತಿರುಗಿಸ್ಲಿಕ್ಕೆ ಜಾಗ ಸಾಲುವುದಿಲ್ಲ, ಹಾಗಾಗಿ ಯಾರೂ ಬರುವುದಿಲ್ಲ. ಹದಿನೈದು ಮಾರು. ಆದ್ರೆ ಬೋಟಿನವರಿಗೆಲ್ಲ ಮೊದಲೇ ಹೇಳ್ಬೇಕು, ಮೀಟಿಂಗ್ ಮಾಡಿ."

ಒಂದು ಮಾರು ಎಂದರೆ ಆರು ಅಡಿ. ಹದಿನೈದು ಮಾರು ಎಂದರೆ 27 ಮೀಟರ್, ಕಾಂಡೋಲಿಂನಷ್ಟೇ ಆಳ.

"ಅಡಿಯಲ್ಲಿ ಉಸಿರು ಎಷ್ಟುಂಟು ಅಂತ ನಮ್ಮ ಮೊಬೈಲಿಗೂ ಬರ್ತದಾ?" ಎಂದು ಕೇಳಿದರು. ಸಾನಿಚ್‌ನ ಅಂಕಿಗಳನ್ನು ಯಾರು ಬೇಕಾದರೂ ಕೂತಲ್ಲಿಂದಲೇ ನೋಡಬಹುದು, ನಾನು ನಮ್ಮ ಮನೆಯಿಂದಲೇ ನೋಡಿದ್ದೇನೆ ಎಂದು ಹೇಳಿದೆ. "ಬಂದ್ರೆ ಒಳ್ಳೆದು. ಖಾಲಿ ಬಲೆ ಎಳೆದ ಡೀಸೆಲ್ ಉಳೀತದೆ" ಎಂದು ಪುಸ್ತಕ ಮುಚ್ಚಿದರು.

ಆಗಸ್ಟ್‌ನಲ್ಲಿ ಬೋಟು ಇಳಿಯುವ ಮೊದಲು ಎರಡೂ ಪುಸ್ತಕಗಳ ಪುಟಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡೆ. ಕಂಪ್ಯೂಟರ್ ಲ್ಯಾಬಿನಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಕೂತು ತಾರೀಕು, ಮಾರು, ಟಿಪ್ಪಣಿ ಮಾತ್ರ ಎಕ್ಸೆಲ್‌ಗೆ ಹಾಕುತ್ತಿದ್ದೇನೆ. ಜಿಪಿಎಸ್ ಅಂಕಿಗಳನ್ನು ಹಾಕಬಾರದೆಂದು ಮಾಮನ ಕಟ್ಟಪ್ಪಣೆ, ಬಂಗುಡೆ ಸಿಗುವ ಜಾಗ ಬೇರೆ ಬೋಟಿನವರಿಗೆ ಗೊತ್ತಾಗಬಾರದಲ್ಲ. ಮೊದಲ ಪುಸ್ತಕ ಮುಗಿದಿದೆ. ಎರಡನೆಯದರಲ್ಲಿ ನೀರು ತಾಗಿ ಅಳಿಸಿಹೋದ ಕೆಲವು ಸಾಲುಗಳಿವೆ, ಅವನ್ನು ಮಾಮ ದಡಕ್ಕೆ ಬಂದಾಗ ಕೇಳಿ ತುಂಬಿಸಬೇಕು.